ನೋಡದೇ ಹೇಳಿದ ದಾರಿ

ಮೊನ್ನೆ ಭಾನುವಾರ ಸೈಕಲ್ಲಿಗೆ ಪಂಕ್ಚರ್ ಹಾಕಲು ಕುಳಿತಿದ್ದೆ. ಸಲ್ಯೂಷನ್ನಿನ ಮುಚ್ಚಳ ತಿರುಗಿಸಿದ್ದೇ ತಡ, ಆ ಘಾಟು ವಾಸನೆ ಮೂಗಿಗೆ ಬಡಿದು ಕೈ ಅಲ್ಲೇ ನಿಂತುಬಿಟ್ಟಿತು. ಮೇಷ್ಟ್ರ ಮನೆಯ ಜಗುಲಿಯಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು…

ನಂಜನಗೂಡಿನಲ್ಲಿ ನನ್ನ ಬಾಡಿಗೆ ಮನೆಯಿಂದ ಎರಡು ಮನೆ ಆಚೆಗೆ ಅವರಿದ್ದರು. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಅರವತ್ತು ದಾಟಿದ ಮೇಲೆ ದಪ್ಪ ಟೈರಿನ ಮೌಂಟನ್ ಬೈಕ್ ಕೊಂಡಾಗ ಬೀದಿಯವರೆಲ್ಲ ನಕ್ಕಿದ್ದರು. ನಾನು ಕವಲಂದೆ ಕಡೆಯ ಒಕ್ಕಲು ಮನೆಯವನು, ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಅವರ ಜೊತೆ ಎರಡು ಭಾನುವಾರ ಅಡ್ಡಾಡಿದ್ದೇ ನಾನೂ ಒಂದು ಬೈಕ್ ಕೊಂಡೆ.

ನಮ್ಮಿಬ್ಬರ ತುಳಿತವೇ ಬೇರೆ. ಅವರದು ಕ್ರಾಸ್ ಕಂಟ್ರಿ. ಗಾಡಿದಾರಿ, ನಾಲೆ ಏರಿ, ಹೊಲದ ಬದು ಎಂದು ಗಂಟೆಗಟ್ಟಲೆ ಒಂದೇ ಸಮನೆ ತುಳಿಯುವುದು. ನನಗೆ ಬೇಕಾಗಿದ್ದದ್ದು ಡೌನ್‌ಹಿಲ್. ಬೈಕನ್ನು ಗುಡ್ಡದ ತುದಿಗೆ ತಳ್ಳಿಕೊಂಡು ಹೋಗಿ, ಪೆಡಲ್ ಮೇಲೆ ಎದ್ದು ನಿಂತು, ಕಲ್ಲಿನ ಮೇಲೆ ಹಾರಿಸಿಕೊಂಡು ಇಳಿಯುವುದು. ನೀನು ಓಡಿಸುವುದಿಲ್ಲ, ಬೀಳುವುದನ್ನು ಮುಂದಕ್ಕೆ ಹಾಕುತ್ತೀಯ ಅಷ್ಟೆ ಎಂದು ಅವರು ನಗುತ್ತಿದ್ದರು.

ಯಾವ ಕಾಲಕ್ಕೆ ಯಾವ ದಾರಿ ಎನ್ನುವುದರಲ್ಲಿ ಮಾತ್ರ ಅವರದೇ ತೀರ್ಮಾನ. ಮುಂಗಾರು ಹಿಡಿದರೆ ಹಸ್ತ, ಚಿತ್ತ ಮಳೆ ಮುಗಿಯುವ ತನಕ ಎರೆಮಣ್ಣಿನ ಕಡೆ ತಲೆ ಹಾಕುವಂತಿರಲಿಲ್ಲ. ಚಕ್ರಕ್ಕೆ ಮೆತ್ತಿದ ಜೇಡಿ ಬೈಕನ್ನೇ ಕಟ್ಟಿಹಾಕುತ್ತದೆ, ಮೇಲಾಗಿ ರೈತರ ದಾರಿ ಹಾಳಾಗುತ್ತದೆ ಎನ್ನುತ್ತಿದ್ದರು. ಮಳೆಗಾಲದಲ್ಲಿ ನೀರು ನಿಲ್ಲದ ಗರಸು ನೆಲವೇ ಗತಿ. ಕಬಿನಿಯಲ್ಲಿ ನೀರು ಬಿಟ್ಟಾಗ ಹೊಳೆದಂಡೆ ಬಿಡಬೇಕು. ತಲಕಾಡಿನ ಮರಳಿಗೆ ಇಬ್ಬನಿ ಬೀಳುವ ತಿಂಗಳುಗಳ ಬೆಳಗಿನ ಹೊತ್ತೇ ಆಗಬೇಕು. ಆಗ ಮರಳು ಬಿಗಿದುಕೊಂಡಿರುತ್ತದೆ. ಬೇಸಿಗೆಯಲ್ಲಿ ಜಾಲಿಮುಳ್ಳು, ಹಾಗಾಗಿ ಎರಡೆರಡು ಟ್ಯೂಬು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ದಾರಿಯಾದರೆ ಹಿಂದಿನ ದಿನ ಇಬ್ಬರಲ್ಲಿ ಒಬ್ಬರು ಹೋಗಿ ಕಾಲ್ನಡಿಗೆಯಲ್ಲಿ ನೋಡಿಕೊಂಡು ಬರಲೇಬೇಕು.

ಕೊನೆಯ ಎರಡು ವರ್ಷ ಅವರು ನನ್ನನ್ನೇ ಮುಂದೆ ಬಿಡತೊಡಗಿದರು. ಕಲ್ಲು ಬಂದರೆ ಕಲ್ಲು, ಗುಂಡಿ ಬಂದರೆ ಗುಂಡಿ ಎಂದು ಕೂಗಿ ಹೇಳು ಅಂದರು. ಕೂಗುತ್ತಿದ್ದೆ. ಮೇಷ್ಟ್ರು ನನ್ನನ್ನು ಒಪ್ಪಿಕೊಂಡರು ಎಂದು ಒಳಗೊಳಗೇ ಬೀಗುತ್ತಿದ್ದೆ…

ಆ ವರ್ಷ ಚಿತ್ತ ಮಳೆ ಮುಗಿದು ನೆಲ ಆರಿತ್ತು. ಕವಲಂದೆಯಾಚೆಯ ಗುಡ್ಡವೊಂದರಿಂದ ಕೆರೆಯ ಕಡೆಗೆ ಇಳಿಯುವ ದಾರಿಗೆ ಹೋಗೋಣ ಎಂದು ನಾನೇ ಹಟ ಹಿಡಿದೆ. ನಿಮ್ಮೂರ ಪಕ್ಕವೇ ತಾನೇ, ಶನಿವಾರ ನೋಡಿಕೊಂಡು ಬಾ ಅಂದರು. ಶನಿವಾರ ಶಿಫ್ಟ್ ಮುಗಿಸಿ ಬಂದವನು ಮಲಗಿಬಿಟ್ಟೆ. ಸಂಜೆ ಅವರ ಫೋನ್ ಬಂದಾಗಲೇ ಎಚ್ಚರವಾದದ್ದು.

“ನೋಡ್ಕೊಂಡ್ ಬಂದ್ಯೇನಪ್ಪ?”

“ಬಂದೆ ಸಾ. ಎಲ್ಲಾ ಸರಿಯಾಗೇ ಅದೆ.”

ಮರುದಿನ ಬೆಳಗ್ಗೆ ಗುಡ್ಡದ ತುದಿಯಲ್ಲಿ ನಿಂತು ನೀರು ಕುಡಿದೆವು. ನಾನು ಮುಂದೆ ಇಳಿದೆ. ಅರ್ಧ ದಾರಿಯಲ್ಲಿ ಮಳೆನೀರು ದಾರಿಯನ್ನು ಅಡ್ಡಕ್ಕೆ ಮೊಣಕಾಲಿನಷ್ಟು ಆಳ ಕೊರೆದುಹಾಕಿತ್ತು. ಕಂಡ ತಕ್ಷಣ ಹ್ಯಾಂಡಲ್ ಎತ್ತಿ ಹಾರಿಸಿದೆ. ಬೈಕು ಚೆನ್ನಾಗಿ ಹಾರಿ ಆಚೆ ಇಳಿಯಿತು. ಆ ಖುಷಿಯಲ್ಲಿ ಕೂಗುವುದನ್ನು ಮರೆತೆ. ನೆನಪಾಗಿ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಸದ್ದು ಕೇಳಿಸಿತು…

ಸೊಂಟದ ಮೂಳೆ ಮುರಿದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗುವಾಗ ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ, ನಾನು ಅಮ್ಮ ಎಂದೇ ಕರೆಯುತ್ತಿದ್ದವರು, ನನ್ನ ಪಕ್ಕ ಕುಳಿತಿದ್ದರು. ಎರಡು ವರ್ಷದಿಂದ ಅವರ ಕಣ್ಣಿನ ನರ ಸೊರಗುತ್ತಾ ಬಂದಿತ್ತಂತೆ. ನೆಟ್ಟಗೆ ಎದುರಿಗಿದ್ದದ್ದು ಬಿಟ್ಟರೆ ಪಕ್ಕದ್ದು, ಕೆಳಗಿನದು ಕಾಣುತ್ತಿರಲಿಲ್ಲವಂತೆ. ಬೈಕ್ ಬಿಡಿ ಎಂದು ಅಮ್ಮ ಎಷ್ಟೋ ಸಲ ಅತ್ತಿದ್ದರಂತೆ.

“ಅವನು ಮುಂದೆ ಇರ್ತಾನಲ್ಲ, ಅವನು ಕೂಗಿದ್ದು ಕೇಳ್ಕೊಂಡು ಹೋಗ್ತೀನಿ ಅಂತಿದ್ರು ಕಣಪ್ಪ. ನಿನಗೆ ಹೇಳ್ಬೇಡ ಅಂತ ನನ್ನಿಂದ ಮಾತು ತಗೊಂಡಿದ್ರು.”

ನಾನು ಎದ್ದು ಹೋಗಿ ಅವರಿಗೆ ಕುಡಿಯಲು ನೀರು ತಂದುಕೊಟ್ಟೆ.

ಆಮೇಲೆ ಅವರು ಸರಿಯಾಗಿ ಎದ್ದು ಓಡಾಡಲೇ ಇಲ್ಲ. ಚಳಿಗಾಲದ ಒಂದು ಮಧ್ಯಾಹ್ನ, ಅಮ್ಮ ಒಳಗೆ ಕಾಫಿಗೆ ಇಟ್ಟಿದ್ದಾಗ, ತಲಕಾಡಿನಲ್ಲಿ ಇಬ್ಬನಿ ಶುರುವಾಯಿತೇ ಎಂದು ವಿಚಾರಿಸಿದರು. ಹೇಳಿದೆ. ಅವರು ತಲೆಯನ್ನು ಪೂರ್ತಿ ನನ್ನ ಕಡೆ ತಿರುಗಿಸಿ ಕೇಳಿದರು.

“ಆ ದಾರಿ ನೀನು ನೋಡಿರ್ಲಿಲ್ಲ ಅಲ್ವೇನಪ್ಪ?”

“ಇಲ್ಲ ಸಾ.”

ಅವರು ಬಯ್ಯಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಗೋಡೆಯ ಕಡೆ ನೋಡುತ್ತಾ, ಇವಳಿಗೆ ಹೇಳಬೇಡ, ಆಮೇಲೆ ನಿನ್ನನ್ನು ಒಳಗೆ ಕರೆಯುವುದಿಲ್ಲ ಎಂದರು. ಅಷ್ಟರಲ್ಲಿ ಅಮ್ಮ ಕಾಫಿ ತಂದರು.

ಮುಂದಿನ ಮುಂಗಾರು ಹಿಡಿಯುವ ಹೊತ್ತಿಗೆ ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟರು.

ಈಗ ನಾಲ್ಕು ವರ್ಷ. ನಾನು ಹಾರಿಸುವುದನ್ನು ಬಿಟ್ಟಿದ್ದೇನೆ. ಅಮ್ಮ ಅದೇ ಮನೆಯಲ್ಲಿದ್ದಾರೆ, ಅವರ ತಂಗಿ ಬಂದು ಜೊತೆಗಿದ್ದಾರೆ. ಬೀದಿಯಲ್ಲಿ ನಾನು ಕಂಡರೆ ಬಿಡುವುದಿಲ್ಲ, ಒಳಗೆ ಕರೆದು ಕೂರಿಸುತ್ತಾರೆ. ನೀನೊಬ್ಬ ಇದ್ದಿದ್ದಕ್ಕೆ ಅವರು ಆ ಎರಡು ವರ್ಷ ಬೈಕ್ ತುಳಿದರು ಎಂದು ತಂಗಿಗೆ ಹೇಳುತ್ತಾರೆ. ಇವತ್ತು ಹೇಳಿಬಿಡಬೇಕು ಎಂದೇ ಪ್ರತಿ ಸಲವೂ ಒಳಗೆ ಹೋಗುತ್ತೇನೆ. ಕಾಫಿ ಕುಡಿದು, ಲೋಟ ತೊಳೆದಿಟ್ಟು ಬರುತ್ತೇನೆ.