ಕಲಿಸಲು ಹೋದ ಊರುಗಳು

ನಾನು ಓದಿ ಕಲಿತವಳಲ್ಲ. ನರ್ಸಿಂಗ್ ಪುಸ್ತಕ ತೆರೆದು ಕುಳಿತರೆ ಸ್ವಲ್ಪ ಹೊತ್ತಿಗೇ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿದ್ದವು. ತರಗತಿಯಲ್ಲಿ ದಡ್ಡಿ ಎನ್ನಿಸಿಕೊಂಡೆ. ಹೆರಿಗೆ ವಾರ್ಡಿಗೆ ಹಾಕಿದ ಮೇಲೆ ಸಂಗತಿ ಬೇರೆಯಾಯಿತು. ಅಲ್ಲಿನ ಹಿರಿಯ ನರ್ಸ್ ಒಬ್ಬರು, ಆಗಷ್ಟೇ ಹಡೆದವಳ ಹೊಟ್ಟೆಯ ಮೇಲೆ ನನ್ನ ಕೈ ಇರಿಸಿ, ಅದರ ಮೇಲೆ ತಮ್ಮ ಕೈ ಒತ್ತಿ ಹೇಳಿದ್ದರು: "ನಿನ್ನ ಹಣಿ ಮುಟ್ಟಿ ನೋಡ್ಕೋ. ಗರ್ಭಕೋಶ ಅಷ್ಟು ಗಟ್ಟಿ ಆಗಬೇಕು. ಗಲ್ಲದಂಗ ಮೆತ್ತಗಿತ್ತಂದ್ರ ರಕ್ತ ನಿಲ್ಲಂಗಿಲ್ಲ." ಅಂದು ಕೈಗೆ ಹತ್ತಿದ ಆ ಪಾಠ ಇಂದಿಗೂ ಬಿಟ್ಟಿಲ್ಲ.

ಗದಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದ ಮೇಲೆ ನನ್ನನ್ನು ನರ್ಸುಗಳ ಮುಖ್ಯಸ್ಥೆಯನ್ನಾಗಿ ಮಾಡಿದರು. ಹುದ್ದೆಯ ಜೊತೆಗೆ ನಾಯಕತ್ವ ತರಬೇತಿಗೂ ಕಳಿಸಿದರು. ಹೋಟೆಲೊಂದರ ತಣ್ಣಗಿನ ಹಾಲ್. ಕಲಿಸಲು ಬಂದಿದ್ದ ಹೆಂಗಸು ಒಬ್ಬೊಬ್ಬರನ್ನೇ ಎಬ್ಬಿಸಿ, ನೀವು ಹೊಸ ಕೆಲಸವನ್ನು ನೋಡಿ ಕಲಿಯುತ್ತೀರೋ, ಕೇಳಿಯೋ, ಓದಿಯೋ, ಮಾಡಿಯೋ ಎಂದು ಕೇಳುತ್ತಿದ್ದರು. ಕೈಯಿಂದ ಎಂದೆ. ಹಿಂದೆ ಕುಳಿತವರು ನಕ್ಕರು. ಆಕೆ ನಗಲಿಲ್ಲ. ತಾನು ಕಲಿತ ರೀತಿಯಲ್ಲೇ ಎಲ್ಲರೂ ಕಲಿಯುತ್ತಾರೆ ಅಂದುಕೊಳ್ಳುವುದೇ ಮೇಲೆ ಕುಳಿತವರು ಮಾಡುವ ಮೊದಲ ತಪ್ಪು ಎಂದರು. ಆಮೇಲೆ ಇನ್ನೊಂದು ಮಾತು: ನಿಮ್ಮ ಕಟ್ಟಡದ ಗೋಡೆ ಮುಗಿದ ಮೇಲೆ ನಿಮಗೆ ಯಾರು ಗೊತ್ತು? ಗೊತ್ತಿಲ್ಲದಿದ್ದರೆ ಹೋಗಿ ಗೊತ್ತು ಮಾಡಿಕೊಳ್ಳಿ.

ಎರಡೂ ಮಾತುಗಳನ್ನು ನಾನು ನಂಬಿದೆ. ಅಂಥ ತರಬೇತಿಗಳಲ್ಲಿ ಹೇಳುವುದನ್ನು ಯಾರೂ ಮನಸ್ಸಿಗೆ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

ವಾರ್ಡಿನಲ್ಲಿ ಕಲಿಸುವ ಬಗೆ ಬದಲಿಸಿದೆ. ಒಬ್ಬಳಿಗೆ ಮೊದಲು ಬಾಯಿಬಿಟ್ಟು ಹೇಳಬೇಕಿತ್ತು. ಇನ್ನೊಬ್ಬಳು ತಾನೇ ಬರೆದುಕೊಳ್ಳದೆ ಸೂಜಿ ಮುಟ್ಟುತ್ತಿರಲಿಲ್ಲ. ಎಲ್ಲರಿಗಿಂತ ಕಿರಿಯಳಾದ ನರ್ಸ್ ಒಬ್ಬಳು, ನಾನು ಕೈ ಹಿಡಿದರೆ ನಡುಗುತ್ತಿದ್ದಳು. ಆಕೆಯನ್ನು ನನ್ನ ಹೆಗಲ ಹಿಂದೆ ಸುಮ್ಮನೆ ನಿಲ್ಲಲು ಬಿಟ್ಟೆ. ಕೆಲವು ವಾರ ನೋಡಿದಳು, ಆಮೇಲೆ ನನಗಿಂತ ಚೊಕ್ಕವಾಗಿ ಮಾಡತೊಡಗಿದಳು. ಆಕೆಯನ್ನು ಮಗಳಂತೆ ಕಂಡೆ.

ಎರಡನೆಯ ಮಾತಿಗಾಗಿ ರಜೆಯ ದಿನಗಳನ್ನು ಕೊಟ್ಟೆ. ಗಂಭೀರ ಸ್ಥಿತಿಯ ಬಾಣಂತಿಯರು ನಮ್ಮಲ್ಲಿಗೆ ಬರುತ್ತಿದ್ದುದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿಂದ. ಬಂದಾಗ ಅರ್ಧ ಜೀವ ಹೋಗಿರುತ್ತಿತ್ತು. ಆ ಕಡೆಯ ಸಿಸ್ಟರ್‌ಗಳು ಒಂದು ಫೋನ್ ಮಾಡಿದ್ದರೆ ರಕ್ತ ತಂದಿಡಬಹುದಿತ್ತು, ಡಾಕ್ಟರನ್ನು ಕರೆಸಬಹುದಿತ್ತು. ಆದರೆ ಅವರಿಗೆ ನಾವು ಯಾರೋ, ನಮಗೆ ಅವರು ಯಾರೋ. ಬೆಟಗೇರಿಯ ನಮ್ಮ ಮನೆಯಲ್ಲಿ ನೇಯ್ದು ಉಳಿದಿದ್ದ ಬಟ್ಟೆಯ ತುಂಡುಗಳಿಂದ ಗರ್ಭಕೋಶದಾಕಾರದ ಚೀಲ, ಒಂದು ಕೂಸಿನ ಗೊಂಬೆ ಹೊಲಿದುಕೊಂಡು ಬಸ್ ಹತ್ತಿದೆ.

ಲಕ್ಷ್ಮೇಶ್ವರದಲ್ಲಿ ಕಾಳಿನ ಅಂಗಡಿಗಳ ಸಾಲಿನ ಹಿಂದಿದ್ದ ಸಣ್ಣ ದವಾಖಾನೆಯ ನರ್ಸ್ ಮೊದಲು ನನ್ನನ್ನು ಔಷಧ ಕಂಪನಿಯವಳು ಅಂದುಕೊಂಡಳು. ಗೊಂಬೆ ತೆಗೆದಾಗ ನಕ್ಕಳು, ಬಾಗಿಲು ಮುಂದೆ ಮಾಡಿ ಚಹಾ ಕಾಸಿದಳು. ಶಿರಹಟ್ಟಿಯ ನರ್ಸ್ ಪ್ರಶ್ನೆ ಕೇಳಿ ಕೇಳಿ ಕಲಿಯುವವಳು. ನನಗೆ ಎಲ್ಲರಿಗಿಂತ ಹತ್ತಿರವಾದದ್ದು ಮುಂಡರಗಿ ಕಡೆಯ, ಹೊಳೆದಂಡೆಯ ಹಮ್ಮಿಗಿಯ ಸರಕಾರಿ ಸಿಸ್ಟರ್. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಕಿರಿಯಳು, ನನ್ನ ಹಾಗೆಯೇ ಕೈಯಿಂದ ಕಲಿಯುವವಳು. ಗೊಂಬೆಯನ್ನು ಪಕ್ಕಕ್ಕಿಟ್ಟು, "ಅಕ್ಕಾ, ನನ್ನ ಹೊಟ್ಟಿ ಮ್ಯಾಲೇ ಒತ್ತಿ ತೋರಸ್ರಿ," ಎಂದು ಚಾಪೆಯ ಮೇಲೆ ಮಲಗಿಬಿಟ್ಟಿದ್ದಳು.

ಒಂದು ಮುಂಜಾನೆ ಆಕೆಯ ಫೋನ್ ಬಂತು. "ಅಕ್ಕಾ, ಹಡದಾಳ, ಕೂಸು ಚಲೋ ಐತಿ. ರಕ್ತ ನಿಲ್ಲವಲ್ದು. ಗಾಡಿ ಹತ್ತೇವಿ." ನಾನು ರಕ್ತ ತರಿಸಿಟ್ಟೆ, ಡಾಕ್ಟರನ್ನು ಬಾಗಿಲಿಗೇ ನಿಲ್ಲಿಸಿದೆ. ಗಾಡಿಯ ಬಾಗಿಲು ತೆರೆದಾಗ ಸಿಸ್ಟರ್ ಮಂಡಿಯೂರಿ ಕುಳಿತಿದ್ದಳು. ಹಮ್ಮಿಗಿಯಿಂದ ಗದಗಿನವರೆಗೆ ಆ ಹೆಂಗಸಿನ ಹೊಟ್ಟೆಯ ಮೇಲಿಟ್ಟ ಕೈ ತೆಗೆದಿರಲಿಲ್ಲ. ಹೆಂಗಸು ಉಳಿದಳು. ಸಿಸ್ಟರಿಗೆ ಬೆರಳು ಬಿಡಿಸಲು ಬರುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಮಿರ್ಚಿ ಭಜಿ ತರಿಸಿ, ಮುರಿದು ನಾನೇ ಬಾಯಿಗಿಟ್ಟೆ. ತಿನ್ನುತ್ತ ತಿನ್ನುತ್ತ ಅತ್ತುಬಿಟ್ಟಳು. ನನ್ನ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ದಿನ ಮತ್ತೆ ಬರಲಿಲ್ಲ.

ಆ ಸುದ್ದಿ ಆಸ್ಪತ್ರೆಯ ಹೊಸ ಮ್ಯಾನೇಜರನ ಕಿವಿಗೆ ಬಿತ್ತು. ಅವನು ನನ್ನನ್ನು ಕರೆಸಿ ಹೊಗಳಿದ. ಇಂಥ ಸಿಸ್ಟರ್‌ಗಳು ಎಷ್ಟು ಜನ ಗೊತ್ತು, ಯಾವ ಊರಿನವರು ಎಂದೆಲ್ಲ ವಿಚಾರಿಸಿದ. ಅವರಿಗೆಲ್ಲ ಆಸ್ಪತ್ರೆಯ ವತಿಯಿಂದ ಸನ್ಮಾನ ಮಾಡೋಣ ಎಂದ. ನನಗೆ ಖುಷಿಯೇ ಆಯಿತು. ಅವರನ್ನು ಅಲ್ಲಿಯವರೆಗೆ ಯಾರು ತಾನೇ ಸನ್ಮಾನಿಸಿದ್ದರು?

ಸನ್ಮಾನ ನಡೆದದ್ದು ದೊಡ್ಡ ಹೋಟೆಲಿನಲ್ಲಿ. ವೇದಿಕೆಯ ಹಿಂದೆ ನನ್ನ ಫೋಟೊ ಹಾಕಿದ ಬ್ಯಾನರ್. ಎಲ್ಲರಿಗೂ ಬಣ್ಣದ ಕಾಗದ ಸುತ್ತಿದ ಮಿಕ್ಸರ್ ಕೊಟ್ಟರು. ಊಟ ಮುಗಿಯುತ್ತಿದ್ದಂತೆ ಮ್ಯಾನೇಜರ್ ಮೈಕ್ ಹಿಡಿದು, ಹೆಚ್ಚು ಸಹಕಾರ ಕೊಟ್ಟವರಿಗೆ ಇನ್ನು ಮುಂದೆ ಪ್ರತಿ ತಿಂಗಳೂ ಉಡುಗೊರೆ ಉಂಟು ಎಂದು ಸಾರಿದ. ಚಪ್ಪಾಳೆ ಬಿತ್ತು. ಸಹಕಾರ ಎಂದರೆ ಏನೆಂದು ನಾನು ಪಕ್ಕದವರನ್ನು ಕೇಳುತ್ತಿದ್ದೆ. ಎಲ್ಲರೂ ಎದ್ದುಹೋದ ಮೇಲೆ ನೋಡಿದರೆ, ಹಮ್ಮಿಗಿಯ ಸಿಸ್ಟರ್ ತನ್ನ ಮಿಕ್ಸರನ್ನು ಕುರ್ಚಿಯ ಕೆಳಗೇ ಬಿಟ್ಟು ಹೋಗಿದ್ದಳು. ಮರೆತಿರಬೇಕು ಅಂದುಕೊಂಡೆ.

ಮುಂದಿನ ದಿನಗಳಲ್ಲಿ ವಾರ್ಡು ತುಂಬತೊಡಗಿತು. ತಮ್ಮ ಊರಿನಲ್ಲೇ ಸುಖವಾಗಿ ಹಡೆಯಬಹುದಾದ ಹೆಂಗಸರು ಬಾಡಿಗೆ ಗಾಡಿಯಲ್ಲಿ ಬರತೊಡಗಿದರು. ಶಿರಹಟ್ಟಿ ಕಡೆಯ ಒಬ್ಬ ಹುಡುಗಿ, ಚೊಚ್ಚಲ ಬಸುರಿ, ಹೆದರಿ ಬೆವತಿದ್ದಳು. ಕೂಸು ಅಡ್ಡ ಇದೆ, ಆಪರೇಶನ್ನೇ ಆಗಬೇಕು, ಗದಗಿಗೇ ಹೋಗು ಎಂದು ಅಲ್ಲಿನ ಸಿಸ್ಟರ್ ಹೇಳಿದ್ದಳಂತೆ. ನಾನು ಹೊಟ್ಟೆಯ ಮೇಲೆ ಕೈ ಇಟ್ಟೆ. ಕೂಸಿನ ತಲೆ ಕೆಳಗೆ, ನೆಟ್ಟಗೆ ಇತ್ತು. ಮತ್ತೊಮ್ಮೆ ಮುಟ್ಟಿ ನೋಡಿದೆ. ಆ ಸಿಸ್ಟರಿಗೆ ಮುಟ್ಟಿ ನೋಡುವುದನ್ನು ಕಲಿಸಿದವಳು ನಾನೇ. ಆಕೆಗೆ ತಿಳಿಯದೆ ಹಾಗೆ ಹೇಳಿರಲು ಸಾಧ್ಯವಿರಲಿಲ್ಲ.

ಮ್ಯಾನೇಜರನ ಕೋಣೆಗೆ ಹೋಗಿ, ಉಡುಗೊರೆ ಕೊಡುವುದು ಹೀಗೆ ಹೆದರಿಸಿ ಕಳಿಸುವುದಕ್ಕೋ ಎಂದು ಕೇಳಿದೆ. ಅವನು ದನಿ ಏರಿಸಲಿಲ್ಲ, ಕೂರಿಸಿ ನೀರು ಕೊಟ್ಟ.

"ಮೇಡಂ, ಈ ನೆಟ್‌ವರ್ಕ್ ಕಟ್ಟಿದವ್ರು ನೀವು. ನಾವು ಬರೇ ಉಪಯೋಗ ಮಾಡಾಕತ್ತೇವಿ."

ದೊಡ್ಡ ಡಾಕ್ಟರ ಬಳಿಗೂ ಹೋದೆ. ಆಸ್ಪತ್ರೆ ಅವರದೇ. ಅವರ ಮೊದಲ ಹೆರಿಗೆ ಕೇಸುಗಳಿಂದ ಹಿಡಿದು ಜೊತೆಗೆ ನಿಂತವಳು ನಾನು. ಕಿಟಕಿಯ ಕಡೆ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಆಸ್ಪತ್ರೆ ನಡೆಯಬೇಕಲ್ಲ ಎಂದರು. ಸ್ವಲ್ಪ ದಿನಕ್ಕೆ ನನ್ನನ್ನು ವಾರ್ಡಿನಿಂದ ತೆಗೆದು, ಹೊಸಬರಿಗೆ ಪಾಠ ಹೇಳುವ ಕೆಲಸಕ್ಕೆ ಹಾಕಿದರು. ಊರೂರಿನ ಸಿಸ್ಟರ್‌ಗಳು ಕರೆಯುತ್ತಿದ್ದ ಆಸ್ಪತ್ರೆಯ ಮೊಬೈಲನ್ನು ನನ್ನಿಂದ ಇಸಿದುಕೊಂಡು, ನನ್ನ ಹೆಗಲ ಹಿಂದೆ ನಿಂತು ಕಲಿತ ಹುಡುಗಿಗೆ ಕೊಟ್ಟರು. ನನ್ನ ಕುರ್ಚಿಯೂ ಅವಳಿಗೇ ಹೋಯಿತು. ನೋಡಿ ಕಲಿಯುವವಳು; ನನ್ನನ್ನಷ್ಟೇ ಅಲ್ಲ, ಮ್ಯಾನೇಜರನನ್ನೂ ನೋಡಿದ್ದಳು.

ನನ್ನ ಸ್ವಂತ ಫೋನಿನಿಂದ ಒಬ್ಬೊಬ್ಬರಿಗೂ ಮಾಡಿದೆ. ಶಿರಹಟ್ಟಿಯವಳು ಎತ್ತಲಿಲ್ಲ. ಲಕ್ಷ್ಮೇಶ್ವರದವಳು ಎತ್ತಿ, ಕಳಿಸಿದ ಕೇಸಿಗೆ ಇಷ್ಟು ಎಂದು ಎಲ್ಲ ಆಸ್ಪತ್ರೆಯವರೂ ಕೊಡುತ್ತಾರೆ, ಎಲ್ಲರೂ ತೆಗೆದುಕೊಳ್ಳುತ್ತಾರೆ, ನಾನೊಬ್ಬಳು ಬಿಟ್ಟರೆ ಏನಾದೀತು ಎಂದಳು. ಆಮೇಲೆ ಮೆಲ್ಲಗೆ, ನಿಮ್ಮ ಪಾಲೂ ಇರುತ್ತದಲ್ಲವೇ ಎಂದು ಕೇಳಿದಳು. ಅದು ವ್ಯಂಗ್ಯವಾಗಿರಲಿಲ್ಲ. ಇದ್ದೇ ಇರುತ್ತದೆ ಎಂದು ನಂಬಿ, ಸಹಜವಾಗಿ ಕೇಳಿದ್ದಳು.

ಹಮ್ಮಿಗಿಗೆ ನಾನೇ ಹೋದೆ. ಸಿಸ್ಟರ್ ಒಳಗೆ ಕರೆದಳು, ರೊಟ್ಟಿ ಬಡಿಸಿದಳು, ಎದುರಿಗೆ ಕುಳಿತಳು. ಹೊಳೆಯ ನೀರಿನ ಮಾತು, ಶೇಂಗಾದ ಮಾತು ಆಡಿದೆವು. ನಾನು ತಡೆಯಲಾರದೆ ವಿಷಯಕ್ಕೆ ಬಂದೆ. ಅವಳು ತಲೆ ಎತ್ತದೆ ಹೇಳಿದಳು:

"ನೀವು ಬರೂದು ನಮಗ ಕಲಸಾಕ ಅಂತ ತಿಳಕೊಂಡಿದ್ದೆ. ಮಂದಿ ಕಳಸ್ಕೊಳ್ಳಾಕ ಅಂತ ಆ ಹೋಟೆಲಿನ್ಯಾಗ ಗೊತ್ತಾತು."

"ನನಗೂ ಅಲ್ಲೇ ಗೊತ್ತಾಗಬೇಕಿತ್ತು," ಎಂದೆ. "ಆಗ್ಲಿಲ್ಲ."

"ಇರಬಹುದ್ರಿ. ಆದ್ರ ಬ್ಯಾನರಿನ್ಯಾಗ ನಿಮ್ಮ ಫೋಟೊ ಇತ್ತು."

ಆಮೇಲೆ ಅವಳು ಹೇಳಿದ್ದನ್ನು ನಾನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಇತ್ತೀಚೆಗೆ ಅವಳ ಬಳಿ ಫಿಟ್ಸ್ ಬಂದ ತುಂಬು ಬಸುರಿಯೊಬ್ಬಳು ಬಂದಿದ್ದಳು. ನಮ್ಮ ನಂಬರಿಗೆ ಫೋನ್ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಮಾಡಿದರೆ ಇವಳೂ ಉಡುಗೊರೆಗಾಗಿ ಕಳಿಸುವವರಲ್ಲಿ ಒಬ್ಬಳು ಎನ್ನುತ್ತಾರೆ ಎಂಬ ಅಂಜಿಕೆ. ಸೂಜಿ ಕೊಟ್ಟು, ಬೇರೊಂದು ಆಸ್ಪತ್ರೆಗೆ ಕಳಿಸಿದಳು. ಅಲ್ಲಿ ಇವರು ಬರುವುದು ಯಾರಿಗೂ ಗೊತ್ತಿರಲಿಲ್ಲ, ಡಾಕ್ಟರನ್ನು ಹುಡುಕುವುದರಲ್ಲಿ ಹೊತ್ತು ಹೋಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಅವಳು ಇದನ್ನು ನನ್ನ ಮೇಲೆ ಹೊರಿಸಲಿಲ್ಲ, ತನ್ನ ಮೇಲೂ ಹೊತ್ತುಕೊಳ್ಳಲಿಲ್ಲ. ತಟ್ಟೆಗೆ ಮಜ್ಜಿಗೆ ಸುರಿದು ಉಣ್ಣಿ ಎಂದಳು. ಉಂಡೆ.

ತಿಂಗಳು ತುಂಬುವ ಮೊದಲೇ ನೌಕರಿ ಬಿಟ್ಟೆ. ಬೀಳ್ಕೊಡುಗೆಯಲ್ಲಿ ಮ್ಯಾನೇಜರ್ ನನ್ನ ಬಗ್ಗೆ ಬಹಳ ಒಳ್ಳೆಯ ಮಾತು ಆಡಿದ. ಈಗ ಬೆಟಗೇರಿಯ ಮನೆಯ ಮುಂದಿನ ಕೋಣೆಯಲ್ಲಿ, ಪರೀಕ್ಷೆಗೆ ಓದುವ ನರ್ಸಿಂಗ್ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಯಾರು ಹೇಗೆ ಕಲಿಯುತ್ತಾರೆ ಎಂಬುದು ಈಗಲೂ ನನಗೆ ಬೇಗ ತಿಳಿಯುತ್ತದೆ. ಕಲಿತದ್ದನ್ನು ಯಾತಕ್ಕೆ ಬಳಸುತ್ತಾರೆ ಎಂಬುದು ಮಾತ್ರ ತಿಳಿಯುವುದಿಲ್ಲ. ಅದನ್ನು ತಿಳಿಯುವ ಬಗೆಯನ್ನು ಆ ತಣ್ಣಗಿನ ಹಾಲ್‌ನ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಕುರ್ಚಿಯಲ್ಲಿ ಕುಳಿತ ಹುಡುಗಿ ಫೋನ್ ಮಾಡಿದಳು. ಮೊದಲು ಆರೋಗ್ಯ ವಿಚಾರಿಸಿದಳು. ಆಮೇಲೆ, "ಅಕ್ಕಾ, ಮುಂಡರಗಿ ಕಡೆಯವ್ರು ಯಾರೂ ನನ್ನ ಫೋನ್ ಎತ್ತವಲ್ರು. ಮ್ಯಾನೇಜರ್ ದಿನಾ ಬೈತಾರ. ನೀವೊಂದು ಮಾತು ಹೇಳಿದ್ರ ಕೇಳ್ತಾರ್ರಿ," ಎಂದಳು.

ಅವರು ನನ್ನ ಫೋನನ್ನೂ ಎತ್ತುವುದಿಲ್ಲ ಎಂದೆ. ಅವಳು ನಂಬಲಿಲ್ಲ. ನಾನು ಹೊಟ್ಟೆಕಿಚ್ಚಿಗೆ ಹಾಗೆ ಹೇಳುತ್ತಿದ್ದೇನೆ ಎಂದು ತಿಳಿದು ಸಿಟ್ಟಿನಿಂದ ಫೋನ್ ಇಟ್ಟಳು.