ಕೊಬ್ಬರಿ ಡ್ರೈಯರ್‌ನ ಹಿಂದೆ ಇಣುಕಿದ್ದು

ಪೇಟೆಂಟ್ ವಕೀಲನ ಕೆಲಸದಲ್ಲಿ ಬರಿಯ ನೆನಪಿಗೆ ಬೆಲೆಯಿಲ್ಲ. ಅರ್ಜಿಗೆ ಮೊದಲೇ ಜನ ಕಂಡಿದ್ದ ಉಪಾಯಕ್ಕೆ ಪೇಟೆಂಟ್ ನಿಲ್ಲುವುದಿಲ್ಲ; ಆದರೆ ಯಂತ್ರ ಹಾಗೆ ಮೊದಲೇ ಇತ್ತು ಎನ್ನಲು ತಾರೀಖು ಹಾಕಿದ ಕಾಗದ ಬೇಕು. ನನ್ನ ನೆನಪನ್ನು ನಾನೇ ನಂಬದವನಾದ್ದರಿಂದ ಈ ನಿಯಮ ನನಗೆ ಚೆನ್ನಾಗಿ ಒಗ್ಗಿದೆ.

ಕಳಮಶ್ಶೇರಿಯ ಶೆಡ್ಡಿನಲ್ಲಿ ಕೊಬ್ಬರಿ ಡ್ರೈಯರ್ ತಯಾರಿಸುವ, ಎಲ್ಲರೂ ಚೇಚಿ ಅಂದರೆ ಅಕ್ಕ ಎಂದು ಕರೆಯುವ ಹೆಂಗಸೊಬ್ಬರು ಕಾಕ್ಕನಾಡಿನ ನನ್ನ ಆಫೀಸಿಗೆ ಬಂದದ್ದು ಒಂದು ನೋಟಿಸ್ ಹಿಡಿದುಕೊಂಡು. ಅವರ ಡ್ರೈಯರ್‌ನಲ್ಲಿ ಕೊಬ್ಬರಿಯ ತಟ್ಟೆಯನ್ನು ತೂಗುಹಾಕಿರುತ್ತಾರೆ. ಒಣಗಿ ತೂಕ ಇಳಿದಾಗ ಬಿಸಿ ತಾನಾಗಿ ನಿಲ್ಲುತ್ತದೆ. ಆ ಉಪಾಯದ ಪೇಟೆಂಟ್ ತಮ್ಮದು, ತಯಾರಿಕೆ ನಿಲ್ಲಿಸಿ ಎಂದು ದೊಡ್ಡ ಕಂಪನಿಯೊಂದು ಬರೆದಿತ್ತು.

“ನಿಲ್ಲಿಸಿದರೆ ಶೆಡ್ಡಿಗೆ ಬೀಗವೇ, ಸಾರೇ,” ಎಂದರು ಚೇಚಿ.

“ಇಂಥದ್ದನ್ನು ನಾನು ಓದುವಾಗಲೇ ನೋಡಿದ್ದೇನೆ,” ಎಂದುಬಿಟ್ಟೆ. “ನಿಮ್ಮ ಕಳಮಶ್ಶೇರಿಯಲ್ಲೇ, ನಮ್ಮ ಕಾಲೇಜಿನ ಪ್ರದರ್ಶನದಲ್ಲಿ. ತುಂಬ ಮೆಚ್ಚಿಕೊಂಡಿದ್ದೆ.”

ಅವರ ಮುಖ ಅರಳಿತು. ನನಗೆ ಆಗಲೇ ಅನುಮಾನ. ನಿಜವಾಗಿ ನೋಡಿದ್ದೋ, ನೋಟಿಸ್ ಓದಿದ ಮೇಲೆ ಹುಟ್ಟಿಕೊಂಡ ನೆನಪೋ?

ಮನೆಯಲ್ಲಿ ಹೇಳಿದರೆ ಹೆಂಡತಿ ನಕ್ಕಳು. “ಬೆಳಿಗ್ಗೆ ಕನ್ನಡಕ ಎಲ್ಲಿಟ್ರಿ ಅಂತ ಗೊತ್ತಿಲ್ಲ. ಇಪ್ಪತ್ತು ವರ್ಷದ ಹಿಂದಿನ ಡ್ರೈಯರ್ ನೆನಪಿದೆಯಂತೆ.”

ಕಾಲೇಜಿನಲ್ಲಿ ಎರಡು ದಿನ ಹುಡುಕಿದೆ. ಏನೂ ಸಿಗಲಿಲ್ಲ. ಸೋತು ಮನೆಗೆ ಬಂದಾಗ ಅವಳೇ ಅಡ್ಡ ಸವಾಲಿಗೆ ಕೂತಳು.

“ಆ ಪ್ರದರ್ಶನದಲ್ಲಿ ಇನ್ನೇನು ನೆನಪಿದೆ ಹೇಳಿ.”

“ಅಪ್ಪ ಪಳಂಪೊರಿ ಕೊಡಿಸಿದ್ದು, ಬಿಸಿಬಿಸಿ ಬಾಳೆಹಣ್ಣಿನ ಬಜ್ಜಿ.”

“ಮಾವ ಕಳಮಶ್ಶೇರಿಗೆ ಯಾವಾಗ ಬಂದಿದ್ರು?”

ಬಂದಿರಲೇ ಇಲ್ಲ. ಬಾಹ್ಯಾಕಾಶ ಸಂಸ್ಥೆಯಲ್ಲಿದ್ದ ಅಪ್ಪ ತಿರುವನಂತಪುರ ಬಿಟ್ಟು ಕದಲುತ್ತಿರಲಿಲ್ಲ. ರಜೆಯಲ್ಲಿ ನಾನೇ ಅಲ್ಲಿಗೆ ಹೋಗುತ್ತಿದ್ದೆ. ಹಾಗಾದರೆ ಪ್ರದರ್ಶನ ನೋಡಿದ್ದೂ ಅಲ್ಲೇ ಇರಬೇಕು.

ಮರುದಿನ ಬೆಳಗಿನ ರೈಲು ಹಿಡಿದು ಅಲ್ಲಿನ ಎಂಜಿನಿಯರಿಂಗ್ ಕಾಲೇಜಿಗೆ ಹೋದೆ. ನಿವೃತ್ತಿಯ ಅಂಚಿನಲ್ಲಿದ್ದ ಲೈಬ್ರರಿಯವರು ಹಳೆಯ ಪ್ರದರ್ಶನಗಳ ಕಟ್ಟು ಬಿಚ್ಚಿದರು. ಒಂದೊಂದು ಯಂತ್ರಕ್ಕೂ ಒಂದೊಂದು ನೋಟ್‌ಬುಕ್; ಮೊದಲ ಪುಟದಲ್ಲಿ ಚಿತ್ರ ಮತ್ತು ವಿವರಣೆ, ಆಮೇಲೆ ನೋಡಿದವರ ಅಭಿಪ್ರಾಯ, ಸಹಿ, ತಾರೀಖು. ಅವುಗಳಲ್ಲೊಂದರಲ್ಲಿ ತೂಗುವ ತಟ್ಟೆ ಸಿಕ್ಕೇಬಿಟ್ಟಿತು.

“ಇದೊಂದು ಸಾಲು ಓದಲಿಕ್ಕೇ ಆಗುತ್ತಿಲ್ಲ. ತೆಲುಗಾ, ಸಾರೇ?” ಎಂದರು ಅವರು.

ಕನ್ನಡ. ನನ್ನದೇ ಅಕ್ಷರ. ಯಾರಿಗೂ ತಿಳಿಯದು ಎಂಬ ಧೈರ್ಯದಲ್ಲಿ ಬರೆದಿದ್ದೆನೇನೋ: “ಇದು ಮೋಸ. ಮೇಜಿನ ಹಿಂದೆ ಕೂತು ಯಾರೋ ಸ್ವಿಚ್ ಆರಿಸುತ್ತಿದ್ದಾರೆ.”

ಊರು ತಪ್ಪು, ಮೆಚ್ಚಿಕೊಂಡದ್ದು ಸುಳ್ಳು, ತಟ್ಟೆಯೊಂದೇ ನಿಜ. ಪಳಂಪೊರಿಯ ಬಗ್ಗೆ ಈಗ ಏನೂ ಹೇಳಲಾರೆ. ಆದರೆ ತಾರೀಖು ಕಂಪನಿಯ ಅರ್ಜಿಗಿಂತ ಎಷ್ಟೋ ವರ್ಷ ಹಿಂದಿನದು. ನನ್ನ ಸಾಲಿನ ಮೇಲೂ ಕೆಳಗೂ ಬೇರೆಯವರ ಸಹಿಗಳಿದ್ದುದರಿಂದ ನಾನೇ ಸಾಕ್ಷಿ ಹೇಳಬೇಕಾಗಿರಲಿಲ್ಲ.

ಪುಟಗಳ ಪ್ರತಿ ತಲುಪಿದ ಮೇಲೆ ಕಂಪನಿ ನೋಟಿಸ್ ಹಿಂತೆಗೆದುಕೊಂಡಿತು. ಚೇಚಿ ನನ್ನನ್ನು ಶೆಡ್ಡಿಗೆ ಕರೆಸಿ ಹಾಲಿಲ್ಲದ ಕಟ್ಟನ್‌ಚಾಯ ಕೊಟ್ಟರು. ಆ ಕನ್ನಡ ಸಾಲಿನ ಅರ್ಥ ಕೇಳಿದರು. ಹೇಳಿದೆ.

“ತುಂಬ ಮೆಚ್ಚಿಕೊಂಡಿದ್ದರಂತೆ,” ಎಂದು ಕೆಲಸದ ಹೆಂಗಸರ ಕಡೆ ತಿರುಗಿದರು. ಎಲ್ಲರೂ ನಕ್ಕರು.

ಅಷ್ಟರಲ್ಲಿ ಪಕ್ಕದ ಡ್ರೈಯರ್ ಟಕ್ಕೆಂದು ತಾನಾಗಿ ನಿಂತಿತು. ನಾನು ಲೋಟ ಕೆಳಗಿಟ್ಟು ಅದರ ಹಿಂದೆ ಬಗ್ಗಿ ನೋಡಿದೆ.

“ಯಾರೂ ಇಲ್ಲ, ಸಾರೇ,” ಎಂದರು ಚೇಚಿ. “ಚಾಯ ಕುಡಿಯಿರಿ.”