ಭಾವ ನನ್ನೊಡನೆ ಮಾತಾಡಿದ ಒಂದೇ ದಿನ

ಕಿಟಕಿಗೆ ಬಣ್ಣ ಬಳಿಯಲು ಬಂದವನು ನಿನ್ನೆ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಕೈ ಒರೆಸಿಕೊಳ್ಳುತ್ತಿದ್ದ. ವಾಸನೆ ಅಡುಗೆಮನೆಯವರೆಗೂ ಬಂತು. ಎದ್ದು ಹೋಗಿ ಬಾಗಿಲು ಹಾಕಿಕೊಂಡೆ. ಐವತ್ತು ವರ್ಷ ದಾಟಿದರೂ ಆ ವಾಸನೆಗೆ ನನ್ನ ಸಿಟ್ಟು ಎದ್ದು ಕೂರುತ್ತದೆ. ಅದರ ಹಿಂದೆಯೇ ನನ್ನ ಭಾವ, ಗಂಡನ ಅಣ್ಣ, ಕಣ್ಣ ಮುಂದೆ ಬರುತ್ತಾರೆ... ಧೋತರ ಮೇಲಕ್ಕೆ ಕಟ್ಟಿ, ಹಲ್ಲು ಕಚ್ಚಿ, ಕಾರಿನ ಮುಂದೆ ಬಗ್ಗಿ ಹ್ಯಾಂಡಲು ತಿರುಗಿಸುತ್ತ.

ನಾನು ಮೆಟ್ರಿಯಿಂದ ಕಂಪ್ಲಿಗೆ ಸೊಸೆಯಾಗಿ ಬಂದದ್ದು ಎರಡನೆಯ ಮಹಾಯುದ್ಧ ಶುರುವಾಗುವ ಮುಂಚೆ. ಅಕ್ಕಿ ಗಿರಣಿಯ ಮನೆ. ನನ್ನ ಗಂಡ ಬಳ್ಳಾರಿಯಲ್ಲಿ ಓದುತ್ತಿದ್ದರು. ಮನೆಯಲ್ಲಿ ಭಾವನದೇ ಮಾತು. ಸಂಡೂರಿನ ಗಣಿ ಸಾಹೇಬನೊಬ್ಬ ಊರು ಬಿಡುವಾಗ ಮಾರಿಹೋದ ಹಳೆಯ ಕಾರನ್ನು ಅವರು ತಂದಿದ್ದರು. ಬೇಸಿಗೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಹೊಳೆಯ ಕಡೆಯಿಂದ, ಗದ್ದೆಗಳ ಮೇಲಿಂದ ಚಳಿಗಾಲದ ಮಂಜು ಬರತೊಡಗಿತೆಂದರೆ ಮುಗಿಯಿತು. ಬೆಳಗ್ಗೆ ಅದು ಮಿಸುಕುತ್ತಿರಲಿಲ್ಲ.

ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ಹಾಗಾಗಿ ಬೈಗುಳವನ್ನೂ ಭಾವ ತಮ್ಮ ಹೆಂಡತಿಯ ಮೂಲಕವೇ ಕಳಿಸುತ್ತಿದ್ದರು. "ನೀರು ಇನ್ನೂ ಕಾದಿಲ್ಲೇನು? ಅಕೀಗೆ ಕೈ ಅದಾವೋ ಇಲ್ಲೋ ಕೇಳು." ನಾನು ಅಲ್ಲೇ, ಎರಡು ಮಾರು ದೂರದಲ್ಲಿ ಒಲೆ ಊದುತ್ತಿರುತ್ತಿದ್ದೆ. ಕೊಡಗಟ್ಟಲೆ ಬಿಸಿನೀರು ಕಾರಿನ ಹೊಟ್ಟೆಗೆ. ಆಮೇಲೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚಿಸುವ ಚೋಕು ಎಳೆದು ಎಳೆದು ಹ್ಯಾಂಡಲು ತಿರುಗಿಸುವುದು. ಹೊರಡದಿದ್ದರೆ ತಪ್ಪು ನೀರಿನದು, ಅಂದರೆ ನನ್ನದು. ನೆಗೆಣ್ಣಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. "ಸುಮ್ಮಿರವ್ವ, ಅವರ ಬಾಯೇ ಹಂಗ" ಎಂದು ಆಕೆ ಬೆನ್ನು ಸವರುತ್ತಿದ್ದಳು. ಆ ಮನೆಯಲ್ಲಿ ನನಗೆ ಅಂತ ಇದ್ದವಳು ಅವಳೊಬ್ಬಳೇ.

ಒಮ್ಮೆ ಗಿರಣಿಗೆ ಅಕ್ಕಿ ಒಯ್ಯಲು ಬಂದಿದ್ದ ಮರಿಯಮ್ಮನಹಳ್ಳಿಯ ಲಾರಿ ಡ್ರೈವರ್ ಈ ಗುದ್ದಾಟ ನೋಡಿ ಹತ್ತಿರ ಬಂದ. "ಚೋಕು ಅಷ್ಟು ಎಳೀಬ್ಯಾಡ್ರಿ ಸಾವ್ಕಾರ್ರೆ. ಪೆಟ್ರೋಲ್ ವಾಸನಿ ಹೆಂಗ ಬರಾಕತ್ತೈತಿ ನೋಡ್ರಿ, ಪ್ಲಗ್ಗು ತೊಯ್ದಾವ." ಪಾನಾ ಹಿಡಿದು ನಾಲ್ಕೂ ಪ್ಲಗ್ಗು ಬಿಚ್ಚಿ, ನಮ್ಮ ರೊಟ್ಟಿ ಹಂಚಿನ ಮೇಲೆ ಒಣಗಿಸಿ ಮತ್ತೆ ಕೂರಿಸಿದ. ಸ್ಟಿಯರಿಂಗಿನ ಬಳಿಯಿದ್ದ ಸಣ್ಣ ಕಡ್ಡಿಯೊಂದನ್ನು ಮೇಲಕ್ಕೆ ಸರಿಸಿ, "ಇದು ಕೆಳಗಿದ್ರ ಹ್ಯಾಂಡಲ್ ಹಿಂದಕ್ಕ ಒದೀತೈತಿ, ಕೈ ಮುರೀತೈತಿ" ಎಂದ. ಎರಡೇ ಸುತ್ತಿಗೆ ಕಾರು ಗುಡುಗಿತು. ಭಾವ ಅವನಿಗೆ ಒಂದು ಲೋಟ ನೀರನ್ನೂ ಕೊಡಿಸಲಿಲ್ಲ. "ಲಾರಿ ಹೊಡಿಯಾವ ನನಗ ಕಲಸಾಕ ಬಂದಾನ!" ಎಂದರು. ಮರುದಿನ ಮತ್ತೆ ಅದೇ ಬಿಸಿನೀರು, ಅದೇ ಚೋಕು. ನಾನು ಮಾತ್ರ ಅಡುಗೆಮನೆಯ ಕಿಂಡಿಯಿಂದ ಎಲ್ಲವನ್ನೂ ನೋಡಿಕೊಂಡಿದ್ದೆ.

ಮರುವರ್ಷದ ಪುಷ್ಯ. ಎರಡು ಬಸಿರು ನಿಲ್ಲದೆ ಹೋಗಿ ಅಕ್ಕನಿಗೆ ಮೂರನೆಯದು ತುಂಬಿತ್ತು. ಬೆಳಗಿನ ಜಾವ ಸೂಲಗಿತ್ತಿ ಕೈಚೆಲ್ಲಿದಳು. "ಕೂಸು ಅಡ್ಡ ಐತಿ. ಜಲ್ದಿ ಹೊಸಪೇಟಿ ದವಾಖಾನಿಗೆ ಒಯ್ರಿ." ಅಕ್ಕನಿಗೆ ಕಂಬಳಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಭಾವ ತಿರುಗಿಸಿದರು, ತಿರುಗಿಸಿದರು. ಪೆಟ್ರೋಲಿನ ವಾಸನೆ ಅಂಗಳ ತುಂಬಿತು. ಒಳಗೆ ಅಕ್ಕ ನರಳುತ್ತಿದ್ದಳು.

ತಡೆಯಲಾರದೆ ಎದುರು ಹೋಗಿ ನಿಂತೆ. "ಪ್ಲಗ್ಗು ತೊಯ್ದಾವ್ರಿ. ಬಿಚ್ಚಿ ಕೊಡ್ರಿ, ಹಂಚಿನ ಮ್ಯಾಲೆ ಒಣಗಿಸಿ ತರ್ತೀನಿ."

ಭಾವ ನನ್ನತ್ತ ನೋಡಲಿಲ್ಲ. ಸೂಲಗಿತ್ತಿಗೆ ಹೇಳಿದರು: "ಅಕೀನ್ನ ಒಳಗ ಕಳಸು. ಹೆಂಗಸು ಕೈ ಹಚ್ಚಿದ ಗಾಡಿ ಹೊಂಡಂಗಿಲ್ಲ."

ಬೆಳಕು ಹರಿದರೂ ಅವರು ಬಿಡಲಿಲ್ಲ. ಕಡೆಗೆ ಹ್ಯಾಂಡಲು ಹಿಂದಕ್ಕೆ ಒದೆಯಿತು. ಅವರ ಬಲಗೈ ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು. ಸುಳ್ಳೇಕೆ, ಒಂದು ಗಳಿಗೆ ನನಗೆ ಸಂತೋಷವೇ ಆಯಿತು.

ಅವರು ನೆಲಕ್ಕೆ ಕುಸಿದಿದ್ದಾಗ ನಾನು ಪಾನಾ ಹುಡುಕಿ ಪ್ಲಗ್ಗು ಬಿಚ್ಚಿದೆ. ಒರೆಸಿ, ಹಂಚಿನ ಮೇಲೆ ಕಾಯಿಸಿ, ಸೆರಗಿನಲ್ಲಿ ಹಿಡಿದು ತಂದು ಕೂರಿಸಿದೆ. ಕಡ್ಡಿ ಮೇಲಕ್ಕೆ ಸರಿಸಿದೆ. ಚೋಕು ಮುಟ್ಟಲಿಲ್ಲ. ಮೂರನೆಯ ಸುತ್ತಿಗೆ ಹೊತ್ತಿಕೊಂಡಿತು.

ಕಾರು ನಡೆಸಲು ಬರುತ್ತಿದ್ದುದು ಭಾವ ಒಬ್ಬರಿಗೇ. ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದರು. ಗೇರು ಹಾಕಲು ಇನ್ನೊಂದು ಕೈ ಇರಲಿಲ್ಲ. ನಾನು ಪಕ್ಕದಲ್ಲಿ ಕೂತೆ. "ಮುಂದಕ ನೂಕು! ಈಗ ಹಿಂದಕ ಎಳಿ! ಕಿವಿ ಕೇಳಂಗಿಲ್ಲೇನ್ಲೇ ನಿನಗ?" ಹೊಸಪೇಟೆಯವರೆಗೂ ಹೀಗೆಯೇ. ಅವರು ನನ್ನೊಡನೆ ನೇರ ಮಾತಾಡಿದ್ದು ಅದೊಂದೇ ದಿನ.

ಕೂಸು ಉಳಿಯಲಿಲ್ಲ. ಒಂದು ತಾಸು ಮೊದಲು ಬರಬೇಕಿತ್ತು ಎಂದರು ಡಾಕ್ಟರಮ್ಮ. ಸುದ್ದಿ ಕೇಳಿ ಬಂದ ನೆಂಟರ ಮುಂದೆ ಭಾವ ಹೇಳಿದರು: "ತಮ್ಮನ ಹೇಣ್ತಿ ಗಾಡಿಗೆ ಕೈ ಹಾಕಿದ್ಲು. ಅದಕ್ಕ ತಡಾ ಆತು." ಬಳ್ಳಾರಿಯಿಂದ ಬಂದ ನನ್ನ ಗಂಡ ಅಣ್ಣನಿಗೆ ಎದುರಾಡಲಿಲ್ಲ.

ಅಕ್ಕ ಮನೆಗೆ ಬಂದ ಮೇಲೆ ಎಲ್ಲರೆದುರು ಆಕೆಯನ್ನೇ ಕೇಳಿದೆ. "ಅಕ್ಕಾ, ನೀ ಗಾಡ್ಯಾಗ ಇದ್ದೆಲ್ಲ, ಏನಾತು ಹೇಳವ್ವ."

ಆಕೆ ಗಂಡನ ಕಟ್ಟು ಹಾಕಿದ ಕೈ ನೋಡಿದಳು. "ಅವರು ಹೇಳಿದ್ದ ಖರೆ" ಎಂದಳು.

ಆಕೆ ಆ ಮನೆಯಲ್ಲೇ, ಅವರ ಜೊತೆಯಲ್ಲೇ ಬಾಳಬೇಕಿತ್ತು... ಇಷ್ಟು ನನಗೆ ತಿಳಿಯುವ ಹೊತ್ತಿಗೆ ನಾವು ಬೇರೆಯಾಗಿ ಹೊಸಪೇಟೆಗೆ ಬಂದು ಬಹಳ ವರ್ಷಗಳಾಗಿದ್ದವು.

ಭಾವ ಸತ್ತಾಗ ಊರೆಲ್ಲ ದೊಡ್ಡ ಮನುಷ್ಯ ಎಂದಿತು. ಹೋಗಿ ದೂರದಲ್ಲಿ ನಿಂತು ಬಂದೆ. ಕಣ್ಣು ಒದ್ದೆಯಾಗಲಿಲ್ಲ. ಹೆಂಗಸರ ನಡುವೆ ಕೂತಿದ್ದ ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು, ಏನೋ ಹೇಳುವವಳ ಹಾಗೆ. ಆಕೆಯ ಆ 'ಖರೆ' ಇನ್ನೂ ನನ್ನ ಕಿವಿಯಲ್ಲಿತ್ತು; ನಾನು ಮುಖ ತಿರುಗಿಸಿ ಬಸ್ಸು ಹತ್ತಿದೆ.

ಹೋದ ವರ್ಷ ಅಕ್ಕನೂ ತೀರಿಕೊಂಡಳು. ಭಾವನ ಮೇಲಿನ ಸಿಟ್ಟು ಈಗಲೂ ಹಾಗೇ ಇದೆ. ಅದನ್ನು ಬಿಡುವ ಆಸೆಯೂ ನನಗಿಲ್ಲ. ಆದರೆ ಅಂದು ಮುಖ ತಿರುಗಿಸಿದವಳು ನಾನು. ಆಕೆ ಏನು ಹೇಳಲಿದ್ದಳೋ, ಇನ್ನು ಯಾರನ್ನು ಕೇಳಲಿ...